ಮರುತ್ ವಿಮಾನದ ಒಡಲೊಳಗಿನ ಕಾಲುವೆಗಳು

ಆಕಾಶದಲ್ಲಿ ವಿಮಾನವೊಂದು ಸಾಗಿದಾಗ ನಮ್ಮ ಕಣ್ಣು ಅದರ ರೆಕ್ಕೆಗಳನ್ನು ಅರಸುತ್ತದೆ. ಕಿವಿ ಅದರ ಗರ್ಜನೆಗೆ ಓಗೊಡುತ್ತದೆ. ವಿಮಾನಗಳ ಚರಿತ್ರೆಯನ್ನು ಬರೆದವರು ಕೂಡ ಬಹುಮಟ್ಟಿಗೆ ವೇಗ, ಎತ್ತರ, ಶಸ್ತ್ರಬಲ ಇವುಗಳನ್ನೇ ಕುರಿತು ಬರೆದಿದ್ದಾರೆ. ಆದರೆ ರೆಕ್ಕೆಯ ಒಳಗಿನಿಂದ ಎಂಜಿನ್ನಿನವರೆಗೆ ಇಂಧನ ಹರಿದುಹೋಗುವ ದಾರಿಯೊಂದಿದೆ. ಅದು ಕಣ್ಣಿಗೆ ಕಾಣದು, ಸದ್ದು ಮಾಡದು. ಅದು ಕಡಿದುಹೋದ ಗಳಿಗೆಯಲ್ಲಿ ವೇಗವೂ ಇಲ್ಲ, ಎತ್ತರವೂ ಇಲ್ಲ. ಈ ಅಜ್ಞಾತ ದಾರಿಯನ್ನು ಹಿಡಿದು ನಮ್ಮ ನಾಡಿನ ಕೈಗಾರಿಕಾ ಇತಿಹಾಸದ ಒಂದು ಅಧ್ಯಾಯವನ್ನು ತಮ್ಮ ಮುಂದಿಡುವುದು ಇಂದಿನ ನನ್ನ ಉದ್ದೇಶ.

ಅಧ್ಯಾಯದ ನಾಯಕ ಒಂದು ವಿಮಾನ. ಹೆಸರು ಮರುತ್. ವೇದಕಾಲದ ಗಾಳಿದೇವತೆಗಳ ಹೆಸರನ್ನು ಹೊತ್ತ ಈ ಎರಡು ಎಂಜಿನ್ನುಗಳ ಯುದ್ಧವಿಮಾನ ಬೆಂಗಳೂರಿನ ಹಿಂದುಸ್ತಾನ್ ಕಾರ್ಖಾನೆಯಲ್ಲಿ ರೂಪುಗೊಂಡು, 1961ರ ಜೂನ್ 17ರಂದು ಮೊದಲ ಬಾರಿ ನೆಲ ಬಿಟ್ಟಿತು. ಅದರದೇ ತರಬೇತಿ ರೂಪ, ಗುರು ಶಿಷ್ಯರಿಬ್ಬರೂ ಒಟ್ಟಿಗೆ ಕುಳಿತು ಹಾರಬಲ್ಲ ಎರಡು ಆಸನಗಳ ಮರುತ್, 1970ರ ಏಪ್ರಿಲ್ 30ರಂದು ಹಾರಿತು. ಅದರ ಇಂಧನ ವ್ಯವಸ್ಥೆಯನ್ನು ಅರಿಯಲು ಎಂಜಿನಿಯರಿಂಗ್ ಪದವಿ ಬೇಕೆಂದು ಯಾರೂ ಹಿಂಜರಿಯಬೇಕಾಗಿಲ್ಲ. ಗೋಕಾಕ, ಮೂಡಲಗಿ, ಹುಕ್ಕೇರಿಗಳ ಕಡೆಯ ರೈತನಿಗೆ ಅದರ ಮೂಲತತ್ತ್ವ ಆಗಲೇ ಗೊತ್ತಿದೆ.

ಹೇಗೆಂದು ನೋಡೋಣ. ಹುಕ್ಕೇರಿ ತಾಲೂಕಿನ ಹಿಡಕಲ್ಲಿನಲ್ಲಿ ಘಟಪ್ರಭೆಗೆ ಅಡ್ಡಲಾಗಿ ಕಟ್ಟಿದ ರಾಜಾ ಲಖಮಗೌಡ ಜಲಾಶಯವಿದೆ. ಅದರಲ್ಲಿ ಸುಮಾರು 51 ಟಿ.ಎಂ.ಸಿ. ಅಡಿ ನೀರು ನಿಲ್ಲುತ್ತದೆ. ಅಲ್ಲಿಂದ ಕೆಳಗೆ ಹರಿದ ನದಿ ಹಿರಣ್ಯಕೇಶಿಯನ್ನು ಕೂಡಿಕೊಂಡು ಗೋಕಾಕ ತಾಲೂಕಿನ ಧೂಪದಾಳಕ್ಕೆ ಬರುತ್ತದೆ. ಧೂಪದಾಳದ ಒಡ್ಡು ಹಿಡಕಲ್ ಆಣೆಕಟ್ಟಿಗಿಂತ ಬಹಳ ಹಳೆಯದು, 1897ರ ಕಾಲದ್ದು. ಈ ಒಡ್ಡಿನಲ್ಲಿ ತಂಗಿದ ನೀರು ಎಡದಂಡೆಯ ಕಾಲುವೆಗೆ ಇಳಿದು ಮೂಡಲಗಿ ಸೀಮೆಯ ಹೊಲಗಳತ್ತ ಸಾಗುತ್ತದೆ. ಹಿಡಕಲ್ಲಿನಲ್ಲಿ ನೀರು ತುಂಬಿದೆ ಎಂದು ಪತ್ರಿಕೆಯಲ್ಲಿ ಓದಿದ ಮಾತ್ರಕ್ಕೆ ಕಾಲುವೆಯ ಕೊನೆಯಂಚಿನ ರೈತನ ಕಬ್ಬು ಹಸಿರಾಗುವುದಿಲ್ಲ. ಬಾಗಿಲು ತೆರೆಯಬೇಕು, ಒಡ್ಡಿನಲ್ಲಿ ಮಟ್ಟ ಏರಬೇಕು, ನಡುವೆ ಹೂಳು ಇರಬಾರದು, ಸರದಿ ತಪ್ಪಬಾರದು. ಸಂಗ್ರಹ ಬೇರೆ, ಪೂರೈಕೆ ಬೇರೆ. ಈ ಒಂದು ಮಾತನ್ನು ಕೈಯಲ್ಲಿ ಹಿಡಿದುಕೊಂಡರೆ ಜೆಟ್ ವಿಮಾನದ ಒಡಲಲ್ಲಿ ನಾವು ದಾರಿ ತಪ್ಪುವುದಿಲ್ಲ.

ಮೊದಲು ಆ ವಿಮಾನ ಹುಟ್ಟಿದ ಬಗೆಯನ್ನು ಸಂಕ್ಷೇಪವಾಗಿ ಹೇಳಬೇಕು. 1940ರ ಡಿಸೆಂಬರಿನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಆಗ ಸಂಸ್ಥಾನದ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. ಸ್ವಾತಂತ್ರ್ಯ ಬಂದ ಮೇಲೆ ಅಲ್ಲಿ ಸ್ವದೇಶೀ ವಿನ್ಯಾಸದ ಕೆಲಸಕ್ಕೆ ಮುಂದಾಳಾದವರು ವಿಷ್ಣು ಮಾಧವ ಘಾಟಗೆ. ನಮಗೆ ನೆರೆಯ ಕೊಲ್ಹಾಪುರ ಸೀಮೆಯವರು, ಜರ್ಮನಿಯ ಗೋಟಿಂಗೆನ್‌ನಲ್ಲಿ ಪ್ರಖ್ಯಾತ ವಿಜ್ಞಾನಿ ಪ್ರಾಂಟಲರ ಬಳಿ ಅಭ್ಯಾಸ ಮಾಡಿದವರು. ಅವರ ನೇತೃತ್ವದಲ್ಲಿ ರೂಪುಗೊಂಡ ಎಚ್.ಟಿ.-2 ಎಂಬ ತರಬೇತಿ ವಿಮಾನ 1951ರಲ್ಲಿಯೂ, ಕಿರಣ್ ಎಂಬ ಜೆಟ್ ತರಬೇತಿ ವಿಮಾನ 1964ರಲ್ಲಿಯೂ ಹಾರಿದವು. ಇವೆರಡಕ್ಕೂ ಒಂದೊಂದೇ ಎಂಜಿನ್.

ಈ ನಡುವೆ ಭಾರತ ಸರಕಾರವು ಶಬ್ದದ ಇಮ್ಮಡಿ ವೇಗವನ್ನು ಮುಟ್ಟಬಲ್ಲ ಯುದ್ಧವಿಮಾನವೊಂದನ್ನು ನಮ್ಮಲ್ಲಿಯೇ ಕಟ್ಟಬೇಕೆಂಬ ಸಾಹಸದ ಸಂಕಲ್ಪ ಮಾಡಿತು. ಎರಡನೆಯ ಮಹಾಯುದ್ಧದಲ್ಲಿ ಹೆಸರಾಂತ ವಿಮಾನಗಳನ್ನು ನಿರ್ಮಿಸಿದ್ದ ಜರ್ಮನ್ ತಜ್ಞ ಕುರ್ಟ್ ಟ್ಯಾಂಕ್ 1956ರಲ್ಲಿ ತಮ್ಮ ಸಂಗಡಿಗರೊಡನೆ ಬೆಂಗಳೂರಿಗೆ ಬಂದರು. ಬ್ರಿಟಿಷರ ಕಾಲದ ದಾಖಲೆಗಳಲ್ಲಿ ನಮ್ಮ ಕೆರೆಗಳನ್ನೆಲ್ಲ ಟ್ಯಾಂಕ್ ಎಂದೇ ಬರೆದಿದೆ. ವಿಮಾನದ ಇಂಧನ ಪಾತ್ರೆಗೂ ಅದೇ ಹೆಸರು. ಅದನ್ನು ರೂಪಿಸಿದವರ ಹೆಸರೂ ಅದೇ ಆದದ್ದು ಕೇವಲ ಕಾಕತಾಳೀಯ. ಎಂಜಿನ್ ಕೂರಿಸುವ ಮೊದಲು, ಅದೇ ಅಳತೆಯ ಮರದ ವಿಮಾನವೊಂದನ್ನು ಮಾಡಿ, 1959ರಲ್ಲಿ ಡಕೋಟಾ ವಿಮಾನದಿಂದ ಎಳೆಸಿಕೊಂಡು ಹೋಗಿ ಗಾಳಿಯಲ್ಲಿ ತೇಲಿಬಿಟ್ಟು ಪರೀಕ್ಷಿಸಿದರು. ಎರಡು ವರ್ಷಗಳ ಬಳಿಕ ನಿಜವಾದ ಮರುತ್ತನ್ನು ಆಕಾಶಕ್ಕೆ ಒಯ್ದವರು ಸುರಂಜನ್ ದಾಸ್ ಎಂಬ ಧೀರ ವೈಮಾನಿಕರು.

1967ರಲ್ಲಿ ವಾಯುಪಡೆಯ ಹತ್ತನೆಯ ಸ್ಕ್ವಾಡ್ರನ್ನಿಗೆ ಮರುತ್ ಸೇರಿತು. ಆಗ ಅದರಲ್ಲಿ ಇದ್ದುದು ಒಂದೇ ಆಸನ. ಎಂದರೆ, ಮರುತ್ತಿನ ಮೊದಲ ಪಾಠವನ್ನೇ ವೈಮಾನಿಕನು ಒಬ್ಬಂಟಿಯಾಗಿ ಕಲಿಯಬೇಕಾಗಿತ್ತು. ಈ ಕೊರತೆಯನ್ನು ನೀಗಲೆಂದೇ ಎರಡು ಆಸನಗಳ ರೂಪ ಬಂದಿತು. ಒಡಲಿನಲ್ಲಿ ರಾಕೆಟ್ಟುಗಳ ಪೆಟ್ಟಿಗೆ ಇದ್ದ ಎಡೆಯನ್ನು ತೆರವುಮಾಡಿ ಇನ್ನೊಂದು ಆಸನವನ್ನು ಕೂರಿಸಿದರು. ಶಸ್ತ್ರ ಹೋಗಿ ಆ ಜಾಗದಲ್ಲಿ ಗುರು ಬಂದು ಕುಳಿತನೆಂದು ಹೇಳಬಹುದು. ಹೀಗೆ ನಿರ್ಮಾಣವಾದ ತರಬೇತಿ ಮರುತ್ತುಗಳು 18.

ಇನ್ನು ಒಡಲೊಳಕ್ಕೆ ಇಳಿಯೋಣ. ಜೆಟ್ ವಿಮಾನದ ಇಂಧನ ಬೇರೇನೂ ಅಲ್ಲ. ನಮ್ಮ ಕಡೆಯ ಮನೆಗಳಲ್ಲಿ ಚಿಮಣಿ ಎಣ್ಣೆ ಎಂದು ಕರೆಯುತ್ತಿದ್ದ ಸೀಮೆಎಣ್ಣೆಯ ಹತ್ತಿರದ ಬಂಧು, ಹೆಚ್ಚು ಶುದ್ಧಗೊಂಡದ್ದು. ಮರುತ್ತಿನ ಒಳಪಾತ್ರೆಗಳಲ್ಲಿ 2,491 ಲೀಟರಿನಷ್ಟು ಇಂಧನ ಹಿಡಿಯುತ್ತಿತ್ತು. ಎಡ ಬಲ ರೆಕ್ಕೆಗಳ ಒಳಗೆ ಒಂದೊಂದು ಸಂಗ್ರಹ. ಇಲ್ಲಿ ಪ್ರತ್ಯೇಕ ಪಾತ್ರೆ ಇಲ್ಲ, ರೆಕ್ಕೆಯ ಪೊಳ್ಳೇ ಬಿಗಿಯಾಗಿ ಮುಚ್ಚಿದ ಪಾತ್ರೆ. ರೆಕ್ಕೆಗಳು ಒಡಲನ್ನು ಕೂಡುವ ನಡುಭಾಗದಲ್ಲಿ ಮತ್ತೊಂದು. ಇವೆಲ್ಲಕ್ಕೂ ಮುಖ್ಯವಾದದ್ದು ಒಡಲಿನ ನಡುವಿನ ಕೂಡುಪಾತ್ರೆ. ದೂರ ಹೋಗಬೇಕಾದಾಗ ರೆಕ್ಕೆಗಳ ಕೆಳಗೆ ತೂಗುಹಾಕಲು 454 ಲೀಟರಿನ ನಾಲ್ಕು ಹೊರಪಾತ್ರೆಗಳಿಗೆ ಅನುಕೂಲವಿತ್ತು; ಬರಿದಾದ ಮೇಲೆ ಅವನ್ನು ಕಳಚಿ ಬೀಳಿಸಬಹುದು. ಹೊರಪಾತ್ರೆ, ರೆಕ್ಕೆಗಳು ಹಿಡಕಲ್ ಇದ್ದಂತೆ. ಕೂಡುಪಾತ್ರೆ ಧೂಪದಾಳದ ಒಡ್ಡು.

ಒಂದು ಸರಳ ಲೆಕ್ಕ ಹಾಕೋಣ. 2,491 ಲೀಟರು ಇಂಧನದ ತೂಕ ಸುಮಾರು 2,000 ಕಿಲೋ. ಮರುತ್ತಿನ ಆರ್ಫಿಯಸ್ ಎಂಜಿನ್ನುಗಳು ಒಂದೊಂದೂ ಸುಮಾರು 2,200 ಕಿಲೋ ನೂಕುಬಲದವು. ಆ ಕಾಲದ ಇಂಥ ಎಂಜಿನ್ನು ಪೂರ್ಣ ಬಲದಲ್ಲಿ ಓಡಿದರೆ ಒಂದು ಗಂಟೆಗೆ ಹೆಚ್ಚು ಕಡಿಮೆ ತನ್ನ ನೂಕುಬಲದಷ್ಟೇ ತೂಕದ ಇಂಧನವನ್ನು ಸುಡುತ್ತದೆ. ಎರಡೂ ಸೇರಿ ಗಂಟೆಗೆ 4,400 ಕಿಲೋ. ಎಂದ ಮೇಲೆ ನೆಲಕ್ಕೆ ಸಮೀಪದಲ್ಲಿ ಪೂರ್ಣ ಬಲದಿಂದ ಹಾರಿದರೆ ಒಳಗಿನ ಸಂಗ್ರಹವೆಲ್ಲ ಅರ್ಧ ಗಂಟೆಯೊಳಗೇ ತೀರುತ್ತದೆ. ಎತ್ತರಕ್ಕೇರಿ, ಬಲ ತಗ್ಗಿಸಿ ಹಾರಿದರೆ ಅದೇ ಇಂಧನ ಬಹಳ ಹೊತ್ತು ಬರುತ್ತದೆ. ಆದುದರಿಂದ ವೈಮಾನಿಕನಿಗೆ ಇಂಧನವೆಂದರೆ ಕಾಲವೇ. ಅವನು ಗಡಿಯಾರವನ್ನು ನೋಡುವಷ್ಟೇ ಸಲ ಇಂಧನಮಾಪಕವನ್ನೂ ನೋಡುತ್ತಾನೆ.

ಕೂಡುಪಾತ್ರೆ ಏಕೆ ಬೇಕು? ರೆಕ್ಕೆಯಿಂದ ನೇರವಾಗಿ ಎಂಜಿನ್ನಿಗೆ ಕೊಳವೆ ಎಳೆದರಾಗದೇ? ಆಗದು; ಅದಕ್ಕೆ ಕಾರಣಗಳು ಮೂರು. ಮೊದಲನೆಯದು ಸಮತೋಲ. ಎಡ ರೆಕ್ಕೆ ಬರಿದಾಗಿ ಬಲ ರೆಕ್ಕೆ ತುಂಬಿಯೇ ಉಳಿದರೆ ಕಾವಡಿಯ ಒಂದೇ ಕೊಡ ಖಾಲಿಯಾದಂತೆ ವಿಮಾನ ವಾಲುತ್ತದೆ. ಮುಂದಿನ ಪಾತ್ರೆ ಮೊದಲು ತೀರಿದರೆ ಬಾಲ ಭಾರವಾಗುತ್ತದೆ. ಆದುದರಿಂದ ಯಾವ ಪಾತ್ರೆಯಿಂದ ಯಾವಾಗ ಎಷ್ಟು ಬರಬೇಕೆಂಬ ಸರದಿ ನಿಯತವಾಗಿರಬೇಕು. ಎರಡನೆಯದು ಯುದ್ಧವಿಮಾನದ ಹೊರಳಾಟ. ವಿಮಾನ ತಲೆಕೆಳಗಾದಾಗ ಇಂಧನ ಪಾತ್ರೆಯ ತಳವನ್ನು ಬಿಟ್ಟು ಮೇಲ್ಗಡೆಗೆ ಸರಿಯುತ್ತದೆ. ತಳದಲ್ಲಿರುವ ಕೊಳವೆಯ ಬಾಯಿಗೆ ಬರಿಯ ಗಾಳಿ ಸಿಗುತ್ತದೆ. ಅದಕ್ಕಾಗಿ ಇಂಥ ವಿಮಾನಗಳಲ್ಲಿ ಚಿಕ್ಕದೊಂದು ಕೋಣೆಯಲ್ಲಿ ಕೆಲವು ಕ್ಷಣಗಳಿಗೆ ಸಾಲುವಷ್ಟು ಇಂಧನವನ್ನು ಸದಾ ತುಂಬಿಡುತ್ತಾರೆ. ಮೂರನೆಯದು, ಎಂಜಿನ್ನುಗಳು ಎರಡು. ಯಾವ ರೆಕ್ಕೆಯ ಇಂಧನವೇ ಆಗಲಿ ಯಾವ ಎಂಜಿನ್ನಿಗಾದರೂ ದೊರೆಯಬೇಕಾದರೆ ಎಲ್ಲವೂ ಬಂದು ಸೇರುವ ಒಂದು ತಾಣ ಬೇಕು.

ಎರಡು ಎಂಜಿನ್ನುಗಳ ಸೈನಿಕ ಜೆಟ್ಟುಗಳಲ್ಲಿ ಸಾಮಾನ್ಯವಾಗಿ ಕಾಣುವ ಕ್ರಮ ಹೀಗಿದೆ. ಎಂಜಿನ್ನಿನಿಂದಲೇ ಪಡೆದ ಒತ್ತಡದ ಗಾಳಿಯೋ ವಿದ್ಯುತ್ ಪಂಪೋ ದೂರದ ಪಾತ್ರೆಗಳ ಇಂಧನವನ್ನು ಕೂಡುಪಾತ್ರೆಗೆ ದೂಡುತ್ತದೆ. ಹೋದದ್ದು ಹಿಂದಕ್ಕೆ ಹರಿಯದಂತೆ ಒಮ್ಮುಖದ ಕವಾಟಗಳು ತಡೆಯುತ್ತವೆ. ಕೂಡುಪಾತ್ರೆಯ ತಳದ ಪಂಪು ಅದನ್ನು ಎಂಜಿನ್ನಿನ ಕಡೆಗೆ ಎತ್ತಿಕೊಡುತ್ತದೆ. ದಾರಿಯಲ್ಲಿ ಒಂದು ತೂಬು, ಎಂದರೆ ಪೂರೈಕೆಯನ್ನು ಪೂರ್ತಿ ನಿಲ್ಲಿಸಬಲ್ಲ ಕವಾಟ, ಆಮೇಲೆ ಸೋಸುಬಲೆ. ಅಲ್ಲಿಂದ ಮುಂದೆ ಎಂಜಿನ್ನೇ ತಿರುಗಿಸುವ ಬಲವಾದ ಪಂಪು ಇಂಧನವನ್ನು ಹೆಚ್ಚಿನ ಒತ್ತಡಕ್ಕೇರಿಸುತ್ತದೆ. ವೈಮಾನಿಕನ ಕೈಯ ಸನ್ನೆ, ಹೊರಗಿನ ಗಾಳಿಯ ಸಾಂದ್ರತೆ ಇವೆರಡನ್ನೂ ನೋಡಿ ನಿಯಂತ್ರಕವೊಂದು ಎಷ್ಟು ಬೇಕೋ ಅಷ್ಟನ್ನೇ ಒಳಕ್ಕೆ ಬಿಡುತ್ತದೆ. ಹಳೆಯ ಮೈಸೂರಿನ ಕಡೆ ಕೆರೆಯ ನೀರನ್ನು ಹೊಲಹೊಲಕ್ಕೆ ಅಳೆದು ಬಿಡುತ್ತಿದ್ದ ನೀರುಗಂಟಿಯ ಕೆಲಸವೇ ಇದು. ಪಾತ್ರೆಗಳಿಗೆಲ್ಲ ಗಾಳಿಯಾಡುವ ಬಾಯಿಯೂ ಇರಬೇಕು. ಹೆಚ್ಚಾದದ್ದು ಅದರ ಮೂಲಕ ಹೊರಕ್ಕೆ ಹೋಗಬೇಕು. ಇದು ಕೆರೆಯ ಕೋಡಿ. ಕೋಡಿ ಇಲ್ಲದ ಕೆರೆಯ ಏರಿ ಒಡೆಯುವುದನ್ನು ನಾವೆಲ್ಲ ಬಲ್ಲೆವು.

ಈಗ ಎರಡು ಎಂಜಿನ್ನುಗಳ ನಿಜವಾದ ಪರೀಕ್ಷೆಗೆ ಬರೋಣ. ಎರಡಿದ್ದರೆ ಒಂದು ಕೆಟ್ಟರೂ ಇನ್ನೊಂದು ಕಾಪಾಡುತ್ತದೆ ಎಂಬುದು ಸಾಮಾನ್ಯರ ನಂಬಿಕೆ. ಈ ನಂಬಿಕೆ ಸುಳ್ಳಲ್ಲ, ಆದರೆ ಅಪೂರ್ಣ. ಎರಡಕ್ಕೂ ಉಣಿಸುವ ದಾರಿ ಒಂದೇ ಆಗಿದ್ದು ಆ ದಾರಿಯೇ ಕಡಿದರೆ ಎರಡೂ ಒಟ್ಟಿಗೆ ನಂದುತ್ತವೆ. ಎರಡು ದಾರಿಗಳು ಪೂರ್ತಿ ಬೇರೆಯಾಗಿದ್ದರೆ, ಸತ್ತ ಎಂಜಿನ್ನಿನ ಪಾಲಿನ ಇಂಧನ ಬದುಕಿದ ಎಂಜಿನ್ನಿಗೆ ಸಿಗದೆ ವ್ಯರ್ಥವಾಗುತ್ತದೆ. ಆದುದರಿಂದ ವ್ಯವಸ್ಥೆಗೆ ಕೂಡಲೂ ಬರಬೇಕು, ಬೇರೆಯಾಗಲೂ ಬರಬೇಕು. ಪಂಪು ನಿಂತಾಗ ಅಡ್ಡಗಾಲುವೆಯ ಕವಾಟವನ್ನು ತೆರೆಯಬೇಕು. ಬೆಂಕಿ ಹತ್ತಿದಾಗ ಆ ಎಂಜಿನ್ನಿನ ತೂಬನ್ನು ಕೂಡಲೇ ಮುಚ್ಚಬೇಕು. ಒಂದು ಕಡೆ ತೆರೆಯುವುದು ಪ್ರಾಣರಕ್ಷಣೆ, ಇನ್ನೊಂದು ಕಡೆ ಮುಚ್ಚುವುದು ಪ್ರಾಣರಕ್ಷಣೆ. ಗಾಬರಿಯಲ್ಲಿ ಬದುಕಿದ ಎಂಜಿನ್ನಿನ ತೂಬನ್ನೇ ಮುಚ್ಚಿಬಿಟ್ಟ ದುರಂತಗಳು ವಿಮಾನಯಾನದ ಇತಿಹಾಸದಲ್ಲಿ ಇಲ್ಲದಿಲ್ಲ. ಇದನ್ನು ಪುಸ್ತಕದಿಂದ ಕಲಿತರೆ ಸಾಲದು. ಹಿಂದೆ ಗುರು ಇರುವಾಗ, ಕೈಗೆ ರೂಢಿಯಾಗುವವರೆಗೆ, ಆಕಾಶದಲ್ಲಿಯೇ ಕಲಿಯಬೇಕು. ತರಬೇತಿ ಮರುತ್ತಿನ ಆ ಎರಡನೆಯ ಆಸನದ ಸಾರ್ಥಕತೆ ಇಲ್ಲಿದೆ.

ಕಲಿತ ಪಾಠ ಬಹಳ ಬೇಗ ನಿಕಷಕ್ಕೆ ಬಂದಿತು. 1971ರ ಡಿಸೆಂಬರಿನ ಯುದ್ಧದಲ್ಲಿ ರಾಜಸ್ಥಾನದ ಉತ್ತರಲಾಯಿ ನೆಲೆಯಿಂದ ಹೊರಟ ಮರುತ್ತುಗಳು ನೆಲದ ಗುರಿಗಳ ಮೇಲೆ ದಾಳಿ ಮಾಡಿದವು. ಕೆಳಮಟ್ಟದಲ್ಲಿ ಹಾರುವ ವಿಮಾನಕ್ಕೆ ಕೆಳಗಿನ ತೋಪುಗಳ ಬೆಂಕಿ ತಗಲುವುದು ಸಹಜ. ಕನಿಷ್ಠ ಮೂರು ಸಂದರ್ಭಗಳಲ್ಲಿ ಒಂದು ಎಂಜಿನ್ನನ್ನು ಕಳೆದುಕೊಂಡ ಮರುತ್ತುಗಳು ಉಳಿದ ಒಂದರಿಂದಲೇ ನೆಲೆಗೆ ಮರಳಿದವು. ಅವುಗಳಲ್ಲೊಂದು ಶತ್ರು ನೆಲದ ಒಳಗೆ ಸುಮಾರು 240 ಕಿಲೋಮೀಟರು ದೂರದಿಂದ ಬೆಂಗಾವಲಿಲ್ಲದೆ ಬಂದಿತು. ವೈಮಾನಿಕನ ಎದೆಗಾರಿಕೆಯನ್ನು ನಾವು ಮನಸಾರೆ ಹೊಗಳುತ್ತೇವೆ, ಹೊಗಳಬೇಕಾದದ್ದೇ. ಆದರೆ ಅಷ್ಟು ದೂರವೂ ಗಾಯಗೊಂಡ ಒಡಲಿನಲ್ಲಿ ಇಂಧನ ದಾರಿ ತಪ್ಪದೆ ಹರಿದು ಬಂದಿತಲ್ಲ, ಆ ಕಾಲುವೆಗಳನ್ನು ಬೆಂಗಳೂರಿನಲ್ಲಿ ಕುಳಿತು ಗೆರೆ ಎಳೆದವರನ್ನೂ ಕೊಳವೆ ಬಿಗಿದವರನ್ನೂ ನೆನೆಯುವುದು ಇತಿಹಾಸದ ಋಣ.

ಮತ್ತೊಂದು ವರ್ಗದವರನ್ನೂ ಇಲ್ಲಿ ನೆನೆಯಬೇಕು. ಕನ್ನಡ ಶಾಸನಗಳನ್ನು ಓದಿದವರಿಗೆ ಬಿತ್ತುವಟ್ಟವೆಂಬ ಮಾತು ಪರಿಚಿತ. ಕೆರೆಯನ್ನು ಕಟ್ಟಿಸಿದ ಮಾತ್ರಕ್ಕೆ ನಮ್ಮ ಹಿರಿಯರು ತೃಪ್ತರಾಗಲಿಲ್ಲ. ಅದರ ಹೂಳೆತ್ತಲು, ಏರಿಯನ್ನು ಕಾಪಾಡಲು ದತ್ತಿ ಬಿಟ್ಟರು. ವಿಮಾನಕ್ಕೂ ಇಂಥ ಬಿತ್ತುವಟ್ಟ ಬೇಕು. ಗಾಳಿಯ ತೇವ ಪಾತ್ರೆಯೊಳಗೆ ನೀರಾಗಿ ಇಳಿಯುತ್ತದೆ. ನೀರು ಇಂಧನಕ್ಕಿಂತ ಭಾರವಾದುದರಿಂದ ತಳದಲ್ಲಿ ನಿಲ್ಲುತ್ತದೆ. ಎತ್ತರದ ಕಡುಚಳಿಯಲ್ಲಿ ಅದೇ ನೀರು ಹಿಮದ ಹರಳಾಗಿ ಸೋಸುಬಲೆಯನ್ನು ಕಟ್ಟಿಬಿಡಬಹುದು. ಅದಕ್ಕಾಗಿ ಹಾರುವ ಮೊದಲು ತಳದ ಕಂಡಿಯಿಂದ ಸ್ವಲ್ಪ ಇಂಧನವನ್ನು ಗಾಜಿನ ಪಾತ್ರೆಗೆ ಇಳಿಸಿ, ಬೆಳಕಿಗೆ ಹಿಡಿದು, ನೀರಿನ ಹನಿ ಇದೆಯೇ ಎಂದು ಪರೀಕ್ಷಿಸುತ್ತಾರೆ. ಈ ಕೆಲಸ ಮಾಡುವವನು ವಾಯುಪಡೆಯ ಏರ್‌ಮನ್. ಅವನ ಹೆಸರು ಯಾವ ಪದಕದ ಪಟ್ಟಿಯಲ್ಲಿಯೂ ಸುಲಭವಾಗಿ ಕಾಣದು. ಬೆಳಗಾವಿಗೆ ಅಂಟಿದಂತಿರುವ ಸಾಂಬ್ರಾದಲ್ಲಿ ಏರ್‌ಮನ್ನರ ತರಬೇತಿ ಶಾಲೆಯಿದೆ. ವಾಯುಪಡೆಗೆ ಸೇರಬಯಸುವ ನಮ್ಮ ಹಳ್ಳಿಗಳ ತರುಣರು ವೈಮಾನಿಕನ ಆಸನವನ್ನಷ್ಟೇ ಕನಸಿನಲ್ಲಿ ಕಾಣದೆ, ಬೆಳಕಿಗೆ ಹಿಡಿದ ಆ ಗಾಜಿನ ಪಾತ್ರೆಯ ಘನತೆಯನ್ನೂ ಅರಿಯಲೆಂದು ನನ್ನ ಹಾರೈಕೆ.

ಇಷ್ಟೆಲ್ಲ ಚೆನ್ನಾಗಿದ್ದ ಮೇಲೆ ಮರುತ್ ಏಕೆ ಉಳಿಯಲಿಲ್ಲ? ಈ ಪ್ರಶ್ನೆಗೂ ಉತ್ತರ ಸಂಗ್ರಹ, ಪೂರೈಕೆಗಳ ಭೇದದಲ್ಲಿಯೇ ಇದೆ. ಟ್ಯಾಂಕ್ ಅವರು ಮರುತ್ತನ್ನು ಕಲ್ಪಿಸಿದ್ದು ಆರ್ಫಿಯಸ್ಸಿನ ಇನ್ನೂ ಬಲವಾದ ರೂಪವೊಂದನ್ನು ನಂಬಿ. ಅದರ ನೂಕುಬಲ ಸುಮಾರು 3,700 ಕಿಲೋ ಆಗಬೇಕಿತ್ತು. ಅದನ್ನು ಬೆಳೆಸುವ ವೆಚ್ಚವನ್ನು ಬ್ರಿಟನ್ ಹೊರಲಿಲ್ಲ, ನಮ್ಮ ಸರಕಾರವೂ ಹೊರಲೊಪ್ಪಲಿಲ್ಲ. ಹಾಗಾಗಿ 2,200 ಕಿಲೋದ ಎಂಜಿನ್ನುಗಳಿಂದಲೇ ತೃಪ್ತಿಪಡಬೇಕಾಯಿತು. ಅವುಗಳನ್ನು ಪರವಾನಗಿಯ ಮೇಲೆ ಬೆಂಗಳೂರಿನಲ್ಲಿ ತಯಾರಿಸಿದೆವು, ನಿಜ. ಆದರೆ ಅವುಗಳನ್ನು ಬೆಳೆಸುವ ವಿದ್ಯೆ ನಮ್ಮದಾಗಿರಲಿಲ್ಲ. ಬಳಿಕ ಈಜಿಪ್ಟಿನೊಡನೆ ಒಪ್ಪಂದವಾಗಿ, ಅಲ್ಲಿ ಸಿದ್ಧವಾಗುತ್ತಿದ್ದ ಎಂಜಿನ್ನನ್ನು ಮರುತ್ತಿನಲ್ಲಿ ಕೂರಿಸಿ 1967ರಲ್ಲಿ ಹಾರಿಸಿ ನೋಡಿದರು. 1969ರಲ್ಲಿ ಆ ಯೋಜನೆಯೂ ನಿಂತಿತು. ಇದ್ದ ಎಂಜಿನ್ನಿಗೇ ಹಿಂಬದಿಯಲ್ಲಿ ಮತ್ತೆ ಇಂಧನ ಸುಟ್ಟು ಬಲ ಹೆಚ್ಚಿಸುವ ಪ್ರಯತ್ನ ಬೆಂಗಳೂರಿನಲ್ಲಿ ನಡೆಯಿತು. ಅಂಥ ವಿಮಾನವೊಂದರಲ್ಲಿ ಮೇಲೇಳುವಾಗ, 1970ರ ಜನವರಿ 10ರಂದು, ಮೊದಲ ಮರುತ್ತನ್ನು ಹಾರಿಸಿದ ಸುರಂಜನ್ ದಾಸರೇ ಅಸುನೀಗಿದರು. ತರಬೇತಿ ಮರುತ್ ಹಾರಿದ್ದು ಅದಾದ ಮೂರೂವರೆ ತಿಂಗಳಿಗೆ. ಬೆಂಗಳೂರಿನ ಹಳೆಯ ವಿಮಾನನಿಲ್ದಾಣದ ಬಳಿಯ ಒಂದು ರಸ್ತೆ ಇಂದಿಗೂ ದಾಸರ ಹೆಸರನ್ನು ಹೊತ್ತಿದೆ.

ಶಬ್ದದ ಇಮ್ಮಡಿ ವೇಗದ ಕನಸು ಮರುತ್ತಿಗೆ ಕೈಗೂಡಲಿಲ್ಲ. ಒಟ್ಟು 147 ವಿಮಾನಗಳು ನಿರ್ಮಾಣವಾಗಿ, 1990ರ ಹೊತ್ತಿಗೆ ಅವೆಲ್ಲ ಸೇವೆಯಿಂದ ನಿವೃತ್ತವಾದವು. ಪಾತ್ರೆಗಳನ್ನು ಕಟ್ಟಲು, ಕಾಲುವೆ ತೋಡಲು, ತೂಬು ಕೂರಿಸಲು ನಾವು ಕಲಿತೆವು. ಕೊನೆಯ ಬೆಂಕಿ ಉರಿಯುವ ಒಲೆ ಮಾತ್ರ ಎರವಿನದಾಗಿಯೇ ಉಳಿಯಿತು. ಈ ಸಮಸ್ಯೆ ಇಂದಿಗೂ ಪೂರ್ತಿ ಬಗೆಹರಿದಿಲ್ಲ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಹಾರಿದ ತೇಜಸ್ ವಿಮಾನದ ಎಂಜಿನ್ ಅಮೆರಿಕೆಯದು. ಬೀದರಿನಲ್ಲಿ ನಮ್ಮ ತರುಣ ವೈಮಾನಿಕರು ಕಲಿಯುವ ಹಾಕ್ ವಿಮಾನದ ವಿನ್ಯಾಸವೂ ಎಂಜಿನ್ನಿನ ವಿನ್ಯಾಸವೂ ಹೊರಗಿನವು. ಇದನ್ನು ನಿರಾಶೆಯಿಂದ ಹೇಳುತ್ತಿಲ್ಲ. ಯಾವುದು ಬಂದಿದೆ, ಯಾವುದು ಇನ್ನೂ ಬರಬೇಕಾಗಿದೆ ಎಂಬ ವಿವೇಕಕ್ಕಾಗಿ ಹೇಳುತ್ತಿದ್ದೇನೆ.

ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತುಸಂಗ್ರಹಾಲಯದ ಹೊರಗೆ ಮರುತ್ ವಿಮಾನವೊಂದನ್ನು ನಿಲ್ಲಿಸಿದ್ದಾರೆ. ಗೋಕಾಕದಿಂದಲೋ ಮೂಡಲಗಿಯಿಂದಲೋ ಪ್ರವಾಸಕ್ಕೆ ಹೋದ ಶಾಲೆಯ ಮಕ್ಕಳು ಅದರ ಮುಂದೆ ನಿಂತಾಗ, ಜೊತೆಗಿರುವ ಗುರುಗಳು ವೇಗದ ಅಂಕಿಗಳನ್ನು ಹೇಳಿ ಮುಗಿಸದಿರಲಿ. ಈ ರೆಕ್ಕೆ ಒಂದು ಕೆರೆಯಾಗಿತ್ತು, ಈ ಒಡಲಿನಲ್ಲಿ ಒಂದು ಒಡ್ಡಿತ್ತು, ಇಲ್ಲಿಂದ ಎರಡು ಒಲೆಗಳಿಗೆ ಎರಡು ಕಾಲುವೆಗಳು ಹೋಗುತ್ತಿದ್ದವು ಎಂದು ಬೆರಳು ತೋರಿಸಿ ಹೇಳಲಿ. ಕಾಲುವೆಯ ಕೊನೆಯಂಚಿನ ಹೊಲದಲ್ಲಿ ನೀರಿಗಾಗಿ ಕಾದ ಮನೆಗಳ ಮಕ್ಕಳಿಗೆ ಆ ಮಾತು ತಟ್ಟನೆ ತಿಳಿಯುತ್ತದೆ. ಹಾಗೆ ತಿಳಿದವರಲ್ಲಿ ಯಾರಾದರೊಬ್ಬರು ಆ ಒಲೆಯನ್ನೂ ನಾವೇ ಏಕೆ ಮಾಡಬಾರದು ಎಂದು ಕೇಳಿದರೆ, ಆ ಪ್ರವಾಸದ ಖರ್ಚು ಸಾರ್ಥಕವಾದಂತೆ.